ಎರಡನೇ ಕಟ್ಟೆಯ ಬಿಲ್ಲೆ

ಉಳಿದ ಬಿಲ್ಲೆಗಳನ್ನೆಲ್ಲ ಪುಡಿ ಮಾಡುವವನು ಒಂದೇ ಒಂದನ್ನು, ಅದೂ ವಾರವಾರವೂ ಅದನ್ನೇ, ಹೊಡೆಯಲಾರದೆ ಬಿಡುತ್ತಾನೆಂದರೆ ನೋಡುವವರಿಗೆ ತಮಾಷೆ. ಬಿಡುವವನಿಗೆ ಅದು ಹಲ್ಲುನೋವು. ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ ನನಗೆ ಹಾಗೆ ಕಳೆಯಿತು.

ಪುಣೆಯ ಹೊರಗೆ ಗುಡ್ಡದ ಬುಡದಲ್ಲಿ ನಮ್ಮ ಬಂದೂಕಿನ ಕ್ಲಬ್ಬು. ಅಲ್ಲಿ ಸ್ಕೀಟ್ ಆಡುತ್ತಿದ್ದೆವು. ಮೈದಾನದ ಎಡಕ್ಕೊಂದು ಎತ್ತರದ ಗೂಡು, ಬಲಕ್ಕೊಂದು ಗಿಡ್ಡ ಗೂಡು. ಒಳಗಿನ ಯಂತ್ರ ಅಂಗೈಯಗಲದ ಮಣ್ಣಿನ ಕರಿ ಬಿಲ್ಲೆಯನ್ನು ಗಾಳಿಗೆ ಒಗೆಯುತ್ತದೆ. ಒಂದು ಗೂಡಿನಿಂದ ಇನ್ನೊಂದರವರೆಗೆ ಅರ್ಧಚಂದ್ರದಂತೆ ಸಿಮೆಂಟಿನ ಸಣ್ಣ ಕಟ್ಟೆಗಳು. ಒಂದೊಂದರ ಮೇಲೂ ನಿಂತು, ಬಂದೂಕನ್ನು ಸೊಂಟದ ಮಟ್ಟಕ್ಕೆ ಹಿಡಿದು, ಕೂಗು ಹಾಕಬೇಕು. ಬಿಲ್ಲೆ ಹೊರಬಿದ್ದ ಮೇಲೆಯೇ ಬಂದೂಕು ಹೆಗಲಿಗೇರಬೇಕು. ಅದರ ಜೊತೆಗೇ ಕೈ ಓಡಬೇಕು, ಅದಕ್ಕಿಂತ ತುಸು ಮುಂದೆ ಹೊಡೆಯಬೇಕು. ಓಡುವ ಕೈ ನಿಂತಿತೋ, ಬಿಲ್ಲೆ ಪಾರು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ಬೆಳಗಾವಿ ಕಡೆಯಿಂದ ಬಂದವನು. ಲೇತ್ ಮಶೀನಿನ ಮುಂದೆ ನಿಂತು ನಿಂತೇ ತಳೇಗಾಂವದಲ್ಲಿ ಸ್ವಂತ ವರ್ಕ್‌ಶಾಪು ಹಾಕಿದೆ. ಅದಕ್ಕಾಗಿ ಯಾರ ಕಾಲನ್ನೂ ಹಿಡಿದಿಲ್ಲ. ಕ್ಲಬ್ಬಿಗೆ ನನ್ನನ್ನು ಕರೆತಂದವರು ಧಾರವಾಡ ಕಡೆಯ ಒಬ್ಬರು. ಸದಾಶಿವ ಪೇಠದಲ್ಲಿ ಮನೆ, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ನಾನವರನ್ನು ಸಾಹೇಬ್ರು ಎನ್ನುತ್ತಿದ್ದೆ, ಅವರು ನನ್ನನ್ನು ಮಾಲಕ್ರು ಎನ್ನುತ್ತಿದ್ದರು. ಮೊಣಕಾಲು ನೋವೆಂದು ಅವರು ಬಂದೂಕು ಬಿಟ್ಟಿದ್ದರು. ಆದರೂ ರವಿವಾರ ತಪ್ಪದೆ ಬಿಳಿ ಟೋಪಿ ಹಾಕಿಕೊಂಡು, ಫ್ಲಾಸ್ಕಿನಲ್ಲಿ ಚಹಾ ತಂದು, ಬಲಗಡೆ ಆರನೇ ಕಟ್ಟೆಯ ಹಿಂದಿನ ಬೇವಿನ ಗಿಡದ ಕೆಳಗೆ ಬೆಂಚಿನ ಮೇಲೆ ಕೂಡುತ್ತಿದ್ದರು. ನನ್ನ ಸುತ್ತು ಮುಗಿದರೆ ಫ್ಲಾಸ್ಕಿನ ಮುಚ್ಚಳದಲ್ಲಿ ನನಗೆ ಚಹಾ. ಸುತ್ತೆಲ್ಲ ಮರಾಠಿ, ಇಂಗ್ಲಿಷು. ಕನ್ನಡ ಮಾತಾಡುವವರು ನಾವಿಬ್ಬರೇ. ಹೊಸಬರು ಯಾರಾದರೂ ಬಂದರೆ ನನ್ನ ಗುರುತು ಮಾಡಿಕೊಡುವ ಅವರ ಮಾತು ಯಾವಾಗಲೂ ಒಂದೇ. ಓದಿದ್ದು ಬರೀ ಏಳನೇ ಇಯತ್ತೆ, ಆದರೆ ಕೈ ನೋಡಿ ಇವರದು, ಎನ್ನುತ್ತಿದ್ದರು. ಹೊಗಳಿಕೆಯೆಂದು ತಿಳಿದು ನಾನೂ ನಗುತ್ತಿದ್ದೆ.

ಆ ಬೇಸಿಗೆಯಲ್ಲಿ, ಅದೇ ಬೆಂಚಿನ ಮೇಲೆ, ಅವರ ಮಗಳನ್ನು ನನ್ನ ಮಗನಿಗೆ ಕೇಳಿದೆ. ಮಗ ಡಿಪ್ಲೊಮಾ ಮುಗಿಸಿ ನನ್ನ ಜೊತೆಗೇ ವರ್ಕ್‌ಶಾಪು ನೋಡಿಕೊಳ್ಳುತ್ತಿದ್ದ. ನಮ್ಮ ನಮ್ಮೊಳಗಿನವರೇ, ಕೇಳುವುದರಲ್ಲಿ ತಪ್ಪೇನೂ ಕಾಣಲಿಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿದರು.

"ಮನ್ಯಾಗ ಕೇಳಿ ಹೇಳ್ತೀನ್ರಿ ಮಾಲಕ್ರ" ಎಂದರು.

ಹೇಳಲು ಅವರು ಬರಲಿಲ್ಲ. ಜೂನಿನ ಮೊದಲ ಮಳೆಗೆ ಅವರ ಹೆಂಡತಿಯ ತಮ್ಮ ನಮ್ಮ ಮನೆಗೆ ಬಂದರು. ಅವಲಕ್ಕಿ ತಿಂದರು, ಚಹಾ ಕುಡಿದರು, ಮಳೆಯ ಮಾತಾಡಿದರು. ಹೊಸ್ತಿಲ ಹೊರಗೆ ಬೂಟು ಹಾಕಿಕೊಳ್ಳುತ್ತ, ನಮ್ಮ ಮುಖ ನೋಡದೆ, ಜಾತಕ ಕೂಡಿ ಬರಲಿಲ್ಲವಂತೆ ಎಂದು ಹೇಳಿ ಮೆಟ್ಟಿಲು ಇಳಿದರು. ನನ್ನ ಹೆಂಡತಿ ಬಾಗಿಲು ಹಾಕಿ ನನ್ನ ಕಡೆ ತಿರುಗಿದಳು.

"ನಾವು ಜಾತಕ ಕೊಟ್ಟೇ ಇಲ್ಲಲ್ರೀ?"

ಕೊಟ್ಟಿರಲಿಲ್ಲ. ಹುಡುಗ ಹುಟ್ಟಿದ ವೇಳೆಯನ್ನು ಕೂಡ ಯಾರೂ ಕೇಳಿರಲಿಲ್ಲ. ಹುಡುಗಿಗೆ ಮನಸ್ಸಿಲ್ಲ ಎಂದಿದ್ದರೆ ನಾನು ಸುಮ್ಮನಾಗುತ್ತಿದ್ದೆ. ನಿಮ್ಮ ಮನೆ ನಮಗೆ ಸರಿಹೊಂದುವುದಿಲ್ಲ ಎಂದು ಮುಖಕ್ಕೆ ಹೇಳಿದ್ದರೆ ಎರಡು ದಿನ ಉರಿದು ಆರುತ್ತಿದ್ದೆ. ಬೇಡವಾದ ಸಂಬಂಧಕ್ಕೆ ಜಾತಕದ ನೆಪ ಹೇಳುವುದು ನಮ್ಮ ಮಂದಿಯಲ್ಲಿ ಇದ್ದದ್ದೇ. ಆದರೆ ಅದಕ್ಕೂ ಒಂದು ರೀತಿಯಿದೆ. ಮೊದಲು ಜಾತಕ ತರಿಸಿಕೊಳ್ಳುತ್ತಾರೆ, ನಾಲ್ಕು ದಿನ ಇಟ್ಟುಕೊಳ್ಳುತ್ತಾರೆ, ಆಮೇಲೆ ತಿರುಗಿ ಕೊಡುತ್ತಾರೆ. ನನ್ನಂಥವನಿಗೆ ಆ ಸುಳ್ಳನ್ನಾದರೂ ಪೂರ್ತಿ ಹೇಳುವ ತ್ರಾಸನ್ನು ಸಾಹೇಬರು ತೆಗೆದುಕೊಳ್ಳಲಿಲ್ಲ. ಏಳನೇ ಇಯತ್ತೆಯ ಮಾತಿಗೆ ಅರ್ಥ ಏನೆಂದು ಅಂದು ತಿಳಿಯಿತು.

ಮುಂದಿನ ರವಿವಾರ ಅವರು ಏನೂ ಆಗದವರಂತೆ ಅದೇ ಬೆಂಚಿನಿಂದ ಫ್ಲಾಸ್ಕು ಎತ್ತಿ ತೋರಿಸಿದರು. ಪಿತ್ತವಾಗಿದೆ, ಚಹಾ ಬೇಡ ಎಂದೆ. ಎರಡನೇ ಕಟ್ಟೆಯಲ್ಲಿ ಎತ್ತರದ ಗೂಡಿನ ಬಿಲ್ಲೆಯನ್ನು ಮೊದಲ ಸಲ ಬಿಟ್ಟದ್ದು ಅಂದೇ. ಎಡಗಡೆಯಿಂದ ಹೊರಟು ಬಲಕ್ಕೆ ದೂರ ಓಡಿಹೋಗುವ ಬಿಲ್ಲೆ ಅದು. ವರ್ಷಗಟ್ಟಲೆ ಕಣ್ಣು ಮುಚ್ಚಿದರೂ ಹೊಡೆಯುವೆನೆಂಬ ಸೊಕ್ಕು ನನಗಿತ್ತು. ಆ ದಿನದಿಂದ ಅದು ಇಡಿಯಾಗಿಯೇ ಹಾರಿಹೋಗಿ ಹುಲ್ಲಿನಲ್ಲಿ ಬೀಳತೊಡಗಿತು.

ಮಳೆ ಮುಗಿದ ಮೇಲೆ ರಾಜ್ಯ ಸ್ಪರ್ಧೆಗೆ ಕ್ಲಬ್ಬಿನಿಂದ ಮೂವರ ತಂಡ ಹೋಗುವುದಿತ್ತು. ಇಬ್ಬರ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಮೂರನೆಯ ಜಾಗಕ್ಕೆ ನಾನು, ಇಲ್ಲವೆ ಒಬ್ಬ ಡಾಕ್ಟರು. ಆ ಜಾಗ ನನಗೆ ಬೇಕೇಬೇಕಿತ್ತು. ಕ್ಲಬ್ಬಿನ ಹೆಸರಿದ್ದ ಅಂಗಿ ತೊಟ್ಟು ಆ ಬೆಂಚಿನ ಮುಂದೆ ಹಾದುಹೋಗಬೇಕಿತ್ತು, ಅಷ್ಟೇ.

ಕಲಿಸುವವರು ನಿವೃತ್ತ ಸುಬೇದಾರರು, ಮರಾಠಿಯವರು. "ಬಂದೂಕ್ ಥಾಂಬತೇಯ್ ಮಾಲಕ" ಎನ್ನುತ್ತಿದ್ದರು. ಬಂದೂಕು ನಡುವೆಯೇ ನಿಲ್ಲುತ್ತಿದೆ ಎಂದು. ನಿಲ್ಲುತ್ತಿದೆಯೆಂಬುದು ನನಗೂ ಗೊತ್ತಿತ್ತು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಒಬ್ಬರು ಇನ್ನೂ ಮುಂದೆ ಹೊಡೆಯಿರಿ ಎಂದರು, ಇನ್ನೊಬ್ಬರು ಕಣ್ಣಿಗೆ ಚಾಳೀಸು ಹಾಕಿಕೊಳ್ಳಿ ಎಂದರು. ಮನೆಯಲ್ಲಿ ಬೆಳಿಗ್ಗೆ ಗೋಡೆಗೆ ಮುಖ ಮಾಡಿ ಖಾಲಿ ಬಂದೂಕು ಏರಿಸಿ ಇಳಿಸಿ ಹೆಗಲು ಬಾತುಕೊಂಡಿತು. ಒಮ್ಮೆ ಡಾಕ್ಟರು ಎಲ್ಲರೆದುರು, ಆ ಬಿಲ್ಲೆ ನಿಮ್ಮ ಬೀಗರೇನು, ಅಷ್ಟು ಮರ್ಯಾದೆಯಿಂದ ಕಳಿಸಿಕೊಡುತ್ತೀರಲ್ಲ ಎಂದರು. ಪಾಪ, ಅವರಿಗೇನೂ ತಿಳಿಯದು. ಮಂದಿ ನಕ್ಕರು. ಸಾಹೇಬರು ಫ್ಲಾಸ್ಕಿನ ಮುಚ್ಚಳವನ್ನು ಬಹಳ ಹೊತ್ತು ತಿರುವುತ್ತಿದ್ದರು.

ತಂಡದ ಆಯ್ಕೆಯ ಹಿಂದಿನ ದಿನ ಶನಿವಾರ, ಒಬ್ಬನೇ ಹೋದೆ. ಯಂತ್ರದಿಂದ ಬಿಲ್ಲೆ ಹಾರಿಸುವವನೊಬ್ಬನಿದ್ದ, ಬೇರೆ ಯಾರೂ ಇಲ್ಲ. ಮಳೆ ನಿಂತು ಮೈದಾನವೆಲ್ಲ ಕೆಸರು. ಎರಡನೇ ಕಟ್ಟೆಯಲ್ಲಿ ಮತ್ತೆ ಗುರಿ ತಪ್ಪಿ, ಸಿಟ್ಟಿನಿಂದ ಕೆಳಗಿಳಿದು ತಿರುಗಿ ನೋಡಿದೆ. ಸಿಮೆಂಟಿನ ಮೇಲೆ ನನ್ನ ಬೂಟಿನ ಕೆಸರಿನ ಗುರುತು ಬಿದ್ದಿತ್ತು. ಲೇತಿನಲ್ಲಿ ತುಂಡು ಕೆಟ್ಟರೆ ಮೊದಲು ಅದನ್ನು ಮಶೀನಿಗೆ ಹೇಗೆ ಕೂಡಿಸಿದ್ದೇವೆ ಎಂದು ನೋಡುತ್ತೇವೆ. ಇಲ್ಲಿ ಕೂಡಿಸಿದ್ದೇ ಸೊಟ್ಟ. ಎರಡೂ ಬೂಟಿನ ತುದಿ ಮೈದಾನದ ನಡುವಿಗೆ ಇರಬೇಕಾದಲ್ಲಿ ಎಡಗಡೆಯ ಗೂಡಿಗೆ ತಿರುಗಿದ್ದವು. ಹಾಗೆ ನಿಂತವನ ಸೊಂಟ ಬಲಕ್ಕೆ ಅರ್ಧ ತಿರುಗುವಷ್ಟರಲ್ಲಿ ಬಿಗಿಯುತ್ತದೆ, ಬಂದೂಕು ನಿಲ್ಲುತ್ತದೆ. ಮೊದಲ ಕಟ್ಟೆಗೆ ಹೋಗಿ ನೋಡಿದೆ, ಅಲ್ಲೂ ಹಾಗೇ. ಆದರೆ ಅಲ್ಲಿ ಬಿಲ್ಲೆ ತಲೆಯ ಮೇಲಿಂದ ನೆಟ್ಟಗೆ ಹೋಗುತ್ತದೆ, ಕೈ ಓಡಿಸುವ ಕೆಲಸವಿಲ್ಲ, ಹಾಗಾಗಿ ತಪ್ಪು ಮುಚ್ಚಿಹೋಗಿತ್ತು. ಉಳಿದ ಕಟ್ಟೆಗಳನ್ನೂ ಹತ್ತಿ ನಿಂತು ನೋಡಿದೆ, ಅಲ್ಲಿ ಹೆಜ್ಜೆ ಸರಿಯಿತ್ತು.

ಎರಡನೆಯದಕ್ಕೆ ಮರಳಿ, ಎರಡೂ ಕಾಲನ್ನು ಇರಬೇಕಾದ ಕಡೆ ತಿರುಗಿಸಿ ನಿಂತೆ. ಬಲಗಣ್ಣಿನ ಅಂಚಿಗೆ ಬೇವಿನ ಗಿಡ ಬಂತು, ಅದರ ಕೆಳಗಿನ ಬೆಂಚು ಬಂತು. ಮೂರನೇ ಕಟ್ಟೆಯಿಂದ ಮುಂದೆ ಬೆಂಚು ಬೆನ್ನಿಗೆ ಬೀಳುತ್ತದೆ. ಮುಂದೆ ಕಾಣುವುದು ಮೊದಲ ಎರಡು ಕಟ್ಟೆಗಳಿಂದ ಮಾತ್ರ. ಶನಿವಾರ, ಬೆಂಚು ಖಾಲಿಯಿತ್ತು. ಆದರೂ ಮುಖ ತಿರುಗಿಸಬೇಕೆನಿಸಿತು. ಜೂನಿನಿಂದ ನಾನು ಆ ಮನುಷ್ಯನನ್ನು ನೋಡಬಾರದೆಂದು ನಿಂತಿದ್ದೆ, ನನಗೇ ಗೊತ್ತಿಲ್ಲದೆ. ಜಾತಕದ ಸುಳ್ಳು ಹೇಳಿದವರು ಬೇವಿನ ನೆರಳಿನಲ್ಲಿ ಚಹಾ ಕುಡಿಯುತ್ತಿದ್ದರು, ಕಾಲು ಸೊಟ್ಟಗಾದದ್ದು ನನ್ನದು. ಬಿಲ್ಲೆ ತಪ್ಪಿದ್ದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದಕ್ಕೆ.

ರವಿವಾರ ಬೆಂಚಿನ ಮೇಲೆ ಬಿಳಿ ಟೋಪಿ ಇತ್ತು. ಎರಡನೇ ಕಟ್ಟೆ ಹತ್ತಿ ಎರಡೂ ಕಾಲನ್ನು ಮೈದಾನದ ನಡುವಿಗೆ ಒತ್ತಿಟ್ಟೆ. ಟೋಪಿ ಕಣ್ಣಂಚಿಗೆ ಬಂತು, ಬರಲಿ ಎಂದು ಬಿಟ್ಟೆ. ಕೂಗು ಹಾಕಿದೆ. ಸೊಂಟ ಸಲೀಸಾಗಿ ತಿರುಗಿತು, ಬಿಲ್ಲೆ ಕರಿಪುಡಿಯಾಗಿ ಉದುರಿತು. ಕೊನೆಗೆ ಡಾಕ್ಟರಿಗಿಂತ ಒಂದೇ ಬಿಲ್ಲೆ ಹೆಚ್ಚು ಒಡೆದು ಮೂರನೆಯವನಾದೆ.

ಅಂದು ನಾನಾಗಿಯೇ ಬೆಂಚಿನ ಹತ್ತಿರ ಹೋದೆ. ಸಾಹೇಬರು ಮುಚ್ಚಳಕ್ಕೆ ಚಹಾ ಬಗ್ಗಿಸಿ ಮುಂದೆ ಹಿಡಿದರು.

"ಗೆದ್ರಲ್ರೀ ಮಾಲಕ್ರ."

"ಜಾತಕ ನಾವು ಕೊಟ್ಟಿರ್ಲಿಲ್ರಿ ಸಾಹೇಬ್ರ."

ಅವರು ಮೈದಾನದ ಕಡೆ ನೋಡಿದರು. ಅಲ್ಲಿ ಯಾರೋ ಖಾಲಿ ತೋಟಾ ಆರಿಸುತ್ತಿದ್ದರು.

"ಚಹಾ ಆರತದ, ಕುಡೀರಿ" ಎಂದರು.

ನಾನು ಮುಚ್ಚಳವನ್ನು ಇಸಿದುಕೊಂಡು ಬೆಂಚಿನ ಮೇಲೆ ಇಟ್ಟು ಬಂದೆ.

ಆಮೇಲೆಯೂ ಕೆಲವು ವರ್ಷ ಅವರು ಬರುತ್ತಿದ್ದರು. ಎರಡನೇ ಕಟ್ಟೆಗೆ ಬಂದಾಗಲೆಲ್ಲ ಆ ಬಿಳಿ ಟೋಪಿ ಕಣ್ಣಂಚಿಗೆ ಬಿತ್ತೋ ಇಲ್ಲವೋ ಎಂದು ನೋಡಿಕೊಂಡೇ ನಾನು ಕೂಗು ಹಾಕುತ್ತಿದ್ದೆ. ಬಿಲ್ಲೆ ಒಡೆಯುತ್ತಿತ್ತು. ಚಹಾವನ್ನು ಮಾತ್ರ ಮನೆಯಿಂದಲೇ ಒಯ್ಯುತ್ತಿದ್ದೆ.