ಕತ್ತರಿಯಕ್ಕ ಕತ್ತರಿಸದ ಸಾಲು

ಕತ್ತರಿಯಕ್ಕ ಹದಿನೆಂಟು ವರ್ಷ ಬಟ್ಟೆ ಹೊಲಿದವಳು. ಕಣ್ಣು ಮಂಜಾದ ಮೇಲೆ ಮಕ್ಕಳ ಆನ್‌ಲೈನ್ ತರಗತಿ ನಡೆಸುವ ಕಚೇರಿ ಸೇರಿದಳು. ಪಾಠ ಮಕ್ಕಳಿಗೆ ಹೋಗುವ ಮುಂಚೆ ಕಿವಿಗೊಟ್ಟು ಕೇಳಬೇಕು, ಯಾವ ಮನೆಗಾದರೂ ಚುಚ್ಚುವ ಮಾತಿದ್ದರೆ ಕಿತ್ತೆಸೆಯಬೇಕು. ಇದು ಅವಳ ಕೆಲಸ. "ಅಪ್ಪ ದುಡಿದು ತರುತ್ತಾನೆ" ಎಂಬುದನ್ನು ಕಿತ್ತಳು. ಅಮ್ಮನೇ ದುಡಿಯುವ ಮನೆಗಳಿಲ್ಲವೇ? "ನಿಮ್ಮ ಕೋಣೆಯ ಚಿತ್ರ ಬರೆಯಿರಿ" ಎಂಬುದನ್ನೂ ಕಿತ್ತಳು. ಒಂದೇ ಕೋಣೆಯಲ್ಲಿ ಆರು ಜನರ ನಡುವೆ ಮಲಗುವ ಮಗು ಏನು ಬರೆಯಬೇಕು, ತಲೆದಿಂಬೇ? ಗೋಡೆಗೆ ತಾನೇ ಬರೆದು ಅಂಟಿಸಿದ್ದಳು: "ಒಂದು ಮನೆ ದೂರಿದರೂ ಆ ಸಾಲು ಹೋಗಬೇಕು."

ಆ ಕಟ್ಟಳೆಯೇ ಒಂದು ಬೆಳಿಗ್ಗೆ ಅವಳ ಕುತ್ತಿಗೆಗೆ ಬಂತು.

ಬಾಗಿಲು ಒದ್ದು ಒಳಗೆ ನುಗ್ಗಿದವನು ಟೈರ್ ಅಂಗಡಿಯವನು. ಕೈಯಲ್ಲಿ ಚಕ್ರ ಬಿಚ್ಚುವ ಕಬ್ಬಿಣದ ಪಾನ. ಹಿಂದಿನ ದಿನದ ಪಾಠದಲ್ಲಿ "ಸಿಟ್ಟು ಬಂದರೂ ಯಾರೂ ಯಾರನ್ನೂ ಹೊಡೆಯಬಾರದು" ಎಂದಿತ್ತು. ಅವನ ಏಳು ವರ್ಷದ ಮಗಳು ನಲವತ್ತು ಮನೆಗೆ ಕೇಳುವಂತೆ, "ಟೀಚರ್, ಇದನ್ನ ನಮ್ಮಪ್ಪಂಗೂ ಹೇಳ್ತೀರಾ?" ಎಂದುಬಿಟ್ಟಿದ್ದಳು.

"ಯಾವಳೇ ಪಾಠ ಪಾಸು ಮಾಡೋಳು?"

"ನಾನೇ. ಕೂತ್ಕೊಳಪ್ಪ."

ಪಾನ ಕಂಪ್ಯೂಟರಿನ ಮೇಲೆ ಬಿತ್ತು. ಹಾರಿದ ಗಾಜು ಅಕ್ಕನ ಕೆನ್ನೆ ಸೀಳಿತು. ತಡೆಯಲು ಬಂದ ಕಚೇರಿಯ ಯಜಮಾನ ಮೇಷ್ಟ್ರಿಗೆ ಬಿದ್ದ ಗುದ್ದಿಗೆ ಕನ್ನಡಕ ಎರಡು ಹೋಳು, ಮೂಗಿನಲ್ಲಿ ರಕ್ತ.

"ಗೋಡೆ ಮೇಲೆ ದೊಡ್ಡದಾಗಿ ಬರ್ದಿದೀಯಲ್ಲ! ನಂದೂ ಒಂದು ಮನೆನೇ. ನಮ್ಮನೇಲಿ ಹೊಡ್ದೇ ಬೆಳೆಸೋದು. ತೆಗಿ ಆ ಸಾಲು!"

ಮೇಜಿನಡಿಯಿಂದ ಮೇಷ್ಟ್ರು ನರಳಿದರು: "ತೆಗ್ದುಬಿಡಕ್ಕ, ಒಂದು ಸಾಲು ತಾನೇ. ನನಗಿರೋದೂ ಒಂದೇ ತಲೆ."

ಅಕ್ಕ ಗೋಡೆಯತ್ತ ತಿರುಗಿದಳು. ಟೈರ್ ಅಂಗಡಿಯವನ ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ, ಕಟ್ಟಳೆ ಅವಳದ್ದೇ. ಆಗ ಬಾಗಿಲ ಸಂದಿಯಲ್ಲಿ ಮಗು ಕಂಡಿತು. ಕ್ಷಮೆ ಕೇಳಿಸಲೆಂದು ಅಪ್ಪನೇ ಎಳೆದು ತಂದಿದ್ದ. ಎಳೆಯ ಕೆನ್ನೆಯ ಮೇಲೆ ಐದು ಬೆರಳಿನ ಬಾಸುಂಡೆ.

"ನಿಮ್ಮನೇಲಿ ಎಷ್ಟು ಜನಪ್ಪ?"

"ನಾನು, ಇವಳು. ಯಾಕೆ?"

"ಹಾಗಾದ್ರೆ ಇನ್ನೂ ಅರ್ಧ ಮನೆ ದೂರಿಲ್ಲ. ಪುಟ್ಟಿ, ಆ ಸಾಲು ತೆಗೀಲೇನಮ್ಮ?"

"ಬೇಡ," ಎಂದಿತು ಮಗು.

ಪಾನ ಮಗುವಿನತ್ತ ತಿರುಗಿತು. ಅವನ ಎದುರಿಗೇ ಕೇಳಬಾರದಿತ್ತೆಂದು ಅಕ್ಕನಿಗೆ ಹೊಳೆದದ್ದು ಆಗಲೇ. ಕುರ್ಚಿ ಉರುಳಿಸಿ ನಡುವೆ ಬಿದ್ದು ಮಗುವನ್ನು ತಬ್ಬಿಕೊಂಡಳು. ಏಟಿಗೆ ಅವಳ ಬಲ ಮುಂಗೈ ಮೂಳೆ ಲಟ್ಟೆಂದಿತು. ಅಕ್ಕ ಚೀರಿದಳು, ಆದರೆ ಮಗುವನ್ನು ಬಿಡಲಿಲ್ಲ. ಎರಡನೇ ಏಟು ಭುಜಕ್ಕೆ ಬಿತ್ತು, ಆಗಲೂ ಬಿಡಲಿಲ್ಲ. ಕೆಳಗಿನ ಮುದ್ರಣಾಲಯದವರು ಓಡಿ ಬಂದು ಅವನನ್ನು ನೆಲಕ್ಕೆ ಕೆಡವಿ, ಕಾಗದದ ಕಟ್ಟು ಬಿಗಿಯುವ ಹಗ್ಗದಲ್ಲೇ ಕಟ್ಟಿ ಪೊಲೀಸರಿಗೆ ಒಪ್ಪಿಸಿದರು.

ಮಗು ಈಗ ದೊಡ್ಡಮ್ಮನ ಮನೆಯಿಂದ ತರಗತಿಗೆ ಬರುತ್ತದೆ. ಸಾಲು ಪಾಠದಲ್ಲೇ ಇದೆ. ಗೋಡೆಯ ಬರಹದ ಕೆಳಗೆ ಅಕ್ಕ ಎಡಗೈಯಲ್ಲಿ, ಕಾಗೆ ಕಾಲಿನಂಥ ಅಕ್ಷರದಲ್ಲಿ, ಇನ್ನೊಂದು ಮಾತು ಸೇರಿಸಿದ್ದಾಳೆ: "ಆ ಮನೆಯ ಮಗುವನ್ನು ಬೇರೆಯಾಗಿ ಕೇಳಿದ ಮೇಲೆ."