ಮಗು ಕೂರುವ ತನಕ

ಶೋಭಾ, ಸೊಂಟನೋವು ಇಳಿಯಿತಾ? ಕೂಸು ಚೆನ್ನಾಗಿ ಹಾಲು ಕುಡಿಯುತ್ತಾ? ನಿನ್ನ ಗಂಡ ರಾಘು ಆರಾಮಾ? ದೊಡ್ಡ ಮಗಳು ಮಾನಸ ಹೇಗಿದ್ದಾಳೆ?

ಸೋಮವಾರ ವಿದ್ಯಾನಗರದ ನಿಮ್ಮನೆ ಬಾಗಿಲಲ್ಲೇ ಸಾಂಬ್ರಾಣಿ ಹೊಗೆಯ ವಾಸನೆ ಬಂತು. ಒಳಗೆ ಮಾನಸ ಕೂಸಿನ ಬಟ್ಟೆ ಹಿಂಡುತ್ತಿದ್ದಳು. ಹದಿನೈದು ದಿನದಿಂದ ಸ್ಕೂಲಿಗೆ ಹೋಗಿಲ್ಲವಂತೆ. ನಾನು ಕಾಫಿ ಕುಡಿದು ಬಂದೆ, ಅದಕ್ಕೇ ಈ ಕಾಗದ.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮಮ್ಮನ ನಾಲ್ಕನೇ ಬಾಣಂತನದಲ್ಲೂ ಇದೇ ವಾಸನೆ. ನಾನಾಗ ಐದನೇ ಕ್ಲಾಸು.

“ಒಂದ್ ತಿಂಗ್ಳು ಸ್ಕೂಲ್ ಬಿಟ್ರೆ ಏನಾಯ್ತು? ಇವಳೇನು ಡೀಸಿ ಆಗ್ಬೇಕಾ ಮಾರಾಯ್ತಿ?” ಎಂದು ಅಪ್ಪ ಅಮ್ಮನ ಮುಂದೆ ನಕ್ಕರು. ನನ್ನ ಅಣ್ಣ, ಅಂದರೆ ನಿಮ್ಮಪ್ಪ, ಸ್ಕೂಲು ಬಿಡುವ ಮಾತೇ ಏಳಲಿಲ್ಲ. ಅವನ ಡಬ್ಬಿಯನ್ನೂ ನಾನೇ ಕಟ್ಟುತ್ತಿದ್ದೆ.

ತಿಂಗಳಾದ ಮೇಲೆ ಕೇಳಿದೆ, “ಅಮ್ಮಾ, ನಾಳೆಯಿಂದ ಹೋಗ್ಲಾ?”

“ಮಗು ಕೂತ್ಕೊಳ್ಳೋ ಹಾಗಾಗ್ಲಿ, ಪುಟ್ಟಿ.”

ಮಗು ಕೂತಿತು. “ನಡೆಯೋ ಹಾಗಾಗ್ಲಿ” ಎಂದಳು. ಅದು ನಡೆಯುವ ಹೊತ್ತಿಗೆ ಅಮ್ಮ ಮತ್ತೆ ಬಸುರಿ. ಈ ಸಲ ನಾನು ಕೇಳಲಿಲ್ಲ. ಅಮ್ಮ ನನ್ನ ಮುಖ ನೋಡದೆ, ನನ್ನ ಸ್ಕೂಲ್ ಚೀಲದ ಪುಸ್ತಕ ತೆಗೆದು ಮಗುವಿನ ಬಟ್ಟೆ ತುಂಬಿದಳು. ಮುಂದೆ ನಾನು ಓದಿದ್ದೆಲ್ಲ ಅಣ್ಣನ ಹಳೆ ಪುಸ್ತಕಗಳಲ್ಲೇ, ಒಲೆ ಮುಂದೆ ಕೂತು.

ನಿನ್ನನ್ನು ಬೈಯುತ್ತಿಲ್ಲ ಶೋಭಾ. ಅಪ್ಪನಿಗೂ ಎರಡು ಕೈ ಇದ್ದವು, ಯಾರೂ ಕೇಳಲಿಲ್ಲ. ನೀನು ರಾಘುವನ್ನು ಕೇಳು. ನಾಳೆಯಿಂದ ಬಟ್ಟೆ ಅವನು ಹಿಂಡಲಿ, ಬೇಕಾದರೆ ನಾನೂ ಬರುತ್ತೇನೆ. ಮಾನಸ ಸ್ಕೂಲಿಗೆ ಹೋದಳು ಅಂತ ಬೇಗ ಒಂದು ಸಾಲು ಬರೆ.