ಎರಡು ಸಲ ಬಂದ ಪದ

ಹೋದ ಭಾನುವಾರ ಪಕ್ಕದ ಮನೆಯ ಕಾಕು ಕರೆದರು. ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಅವರ ಗಂಡ ಕಾಕಾನ ಹತ್ಯಾರುಗಳ ಖಾಕಿ ಚೀಲ ಇಳಿಸಿ ಅದರ ಬಾಯಿ ಬಿಚ್ಚಿದೆ. ಹಳೆಯ ಗ್ರೀಸು, ಕಬ್ಬಿಣ, ಸಿಮೆಂಟಿನ ಧೂಳು ಎಲ್ಲ ಸೇರಿದ ವಾಸನೆ ಮುಖಕ್ಕೆ ಬಡಿಯಿತು. ನಟ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಂಡವಳು ಅಲ್ಲೇ ಕುಳಿತುಬಿಟ್ಟೆ...

ಕಾಕಾ ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಫಿಟ್ಟರ್ ಆಗಿದ್ದರು. ಗುತ್ತಿಗೆ ಮುಗಿದ ಮೇಲೆ ಶಹಾಬಾದದಿಂದ ಕೋಡ್ಲಾದವರೆಗಿನ ಫ್ಯಾಕ್ಟರಿಗಳಲ್ಲೆಲ್ಲ ಕೆಲಸ ಕೇಳಿ ಬಂದರು. ಎಲ್ಲ ಕಡೆಯೂ ಅವರ ನರೆತ ತಲೆ ನೋಡಿ ಆಮೇಲೆ ಹೇಳುತ್ತೇವೆ ಎಂದರು. ಕೊನೆಗೆ ಮೊಜಾಂಬಿಕ್ ದೇಶದ ಒಂದು ಸಿಮೆಂಟ್ ಕಾರ್ಖಾನೆಗೆ ಜನ ಬೇಕೆಂದು ಸುದ್ದಿ ಬಂತು. ಅಲ್ಲಿಯ ಮಾತು ಪೋರ್ಚುಗೀಸ್. ದಿನಬಳಕೆಯ ಪದಗಳು ತಿಳಿಯುತ್ತವೆಯೇ ಎಂದು ವಿಡಿಯೋ ಕರೆಯಲ್ಲಿ ಪರೀಕ್ಷೆ ಮಾಡುವವರಿದ್ದರು. ಇದೂ ತಪ್ಪಿದರೆ ಮತ್ತೆ ಪಾನಾ ಹಿಡಿಯುವ ಕೆಲಸ ಸಿಗುವುದಿಲ್ಲವೆಂದು ಕಾಕಾನಿಗೆ ಗೊತ್ತಿತ್ತು.

ಏಜೆಂಟ್ ಕೊಟ್ಟ ಕಿರುಪುಸ್ತಕದಲ್ಲಿ ಪೋರ್ಚುಗೀಸ್ ಪದ, ಎದುರಿಗೆ ಹಿಂದಿ ಅರ್ಥ. ಕಾಕಾನಿಗೆ ಇಂಗ್ಲಿಷ್ ಅಕ್ಷರ ಓದಲು ಬರುತ್ತಿರಲಿಲ್ಲ. ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವ ಹುಡುಗಿ ಎಂದು ನನ್ನ ಹತ್ತಿರ ಬಂದರು. ನಾನು ಎಣಿಸಿದೆ: ಮುನ್ನೂರು ಪದ. ಅದರಲ್ಲಿ ಹದಿಮೂರು ಎರಡೆರಡು ಸಲ ಬಂದಿದ್ದವು. ಒಂದೇ ಪದವನ್ನು ಎರಡು ಸಲ ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆಂದು, ಎದುರಿನ ಅರ್ಥವನ್ನೂ ನೋಡದೆ ಎರಡನೆಯದನ್ನು ಹೊಡೆದುಹಾಕಿದೆ. ಉಳಿದದ್ದು ಇನ್ನೂರ ಎಂಬತ್ತೇಳು. ದಿನಕ್ಕೆ ಹತ್ತು.

ದಿನಾ ಬೆಳಿಗ್ಗೆ ಅವರ ಪಡಸಾಲೆಯ ಪರ್ಸಿ ಕಲ್ಲಿನ ನೆಲದ ಮೇಲೆ ಚಾಕ್‌ಪೀಸಿನಿಂದ ಕನ್ನಡ ಅಕ್ಷರಗಳಲ್ಲಿ ಬರೆಯುತ್ತಿದ್ದೆ. ಮೇಜ ಅಂದರೆ ಮೇಜು. ಜನೇಲ ಅಂದರೆ ಕಿಟಕಿ. ಬಾಲ್ದಿ ಅಂದರೆ ಬಾಲ್ದಿಯೇ. ಶಾವಿ ಅಂದರೆ ಚಾವಿ.

"ಇದೇನ್ ಟೀಚರಮ್ಮಾ, ನಮ್ಮ ಮನ್ಯಾನ ಸಾಮಾನೆಲ್ಲಾ ಒಯ್ದಾರಲ್ಲ ಅವ್ರು!" ಎಂದು ಕಾಕಾ ನಕ್ಕಿದ್ದರು.

ಕಾಕು ಕಸಬರಿಗೆ ಹಿಡಿದು ನಿಂತಿದ್ದರು. "ಮೂವತ್ತು ವರ್ಷ ಆತು, ನಾ ಆಡೂ ಮಾತೇ ತಿಳ್ದಿಲ್ಲ ಇವ್ರಿಗೆ. ಈಗ ಫಾರಿನ್ ಮಾತು ಕಲೀಲಿಕತ್ತಾರ. ಸರೀರಿ ಅತ್ಲಾಗ, ಕಸಾ ಹೊಡೀಬೇಕು."

ನಮ್ಮವೇ ಆದ ಪದಗಳಿಗೆ ನಾನು ಬೇರೆ ಪಟ್ಟಿ ಮಾಡಿದೆ. ಅವನ್ನು ಮತ್ತೆ ಓದುವುದು ಬೇಡವೆಂದೆ.

ಪರೀಕ್ಷೆಯ ದಿನ ಫೋನು ಹಿಡಿದು ನಿಂತವಳು ನಾನೇ. ಕಾಕಾ ಇಸ್ತ್ರಿ ಅಂಗಿ ಹಾಕಿ, ಹೇಳಿದ ಹಾಗೆ ಹತ್ಯಾರುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಮೊದಲ ಆರು ಉತ್ತರ ಸರಿ. ಏಳನೆಯದಕ್ಕೆ ಆ ಕಡೆಯವರು, ಶಾವಿ ತೋರಿಸಿ ಎಂದರು. ಕಾಕಾ ಮೇಜು ನೋಡಿದರು, ನನ್ನನ್ನು ನೋಡಿದರು. ನಾನು ಕಣ್ಣಿನಿಂದ ಬಾಗಿಲ ಕಡೆ ತೋರಿಸಿದೆ. ಅವರು ಓಡಿ ಹೋಗಿ ಮೊಳೆಗೆ ತೂಗುಹಾಕಿದ್ದ ಮನೆಯ ಚಾವಿ ತಂದು ಎತ್ತಿ ಹಿಡಿದರು. ಆ ಕಡೆ ನಗು. ಖುಷಿಯಾಗಿದ್ದಾರೆಂದು ನಾವೂ ನಕ್ಕೆವು...

ಕೆಲಸ ಸಿಗಲಿಲ್ಲ. ಹದಿನೈದು ದಿನ ಬಿಟ್ಟು ಕಿರುಪುಸ್ತಕ ಮತ್ತೆ ತೆರೆದೆ. ಹತ್ಯಾರುಗಳ ಪುಟದಲ್ಲಿ ನಾನು ಹೊಡೆದುಹಾಕಿದ ಸಾಲು ಇತ್ತು. ಶಾವಿ: ಪಾನಾ. ಮೂವತ್ತು ವರ್ಷ ಅವರ ಕೈಯಲ್ಲೇ ಇದ್ದ ವಸ್ತು ಅದು. ಅಂದು ಮೇಜಿನ ಮೇಲೆ ಒಂದು ಗೇಣು ದೂರದಲ್ಲಿತ್ತು.

ಹೇಳಬೇಕೆಂದು ಅವರ ಮನೆಗೆ ನಾಲ್ಕು ಸಲ ಹೋದೆ. ನಾಲ್ಕೂ ಸಲ ಡೈರಿಯಲ್ಲಿ "ಹೇಳಲಿಲ್ಲ" ಎಂದು ಬರೆದೆ.

"ನಿಂದೇನ್ ತಪ್ಪಿಲ್ಲ ತಂಗಿ. ನನ್ನ ತಲಿಗೇ ಹತ್ತಲಿಲ್ಲ" ಎನ್ನುತ್ತಿದ್ದರು ಕಾಕಾ. ಆಮೇಲೆ ಚಿತ್ತಾಪುರದ ಒಂದು ಕಲ್ಯಾಣ ಮಂಟಪಕ್ಕೆ ವಾಚ್‌ಮನ್ ಆದರು. ಸೊಂಟದಲ್ಲಿ ದೊಡ್ಡ ಚಾವಿ ಗೊಂಚಲು. ಹೋದ ವರ್ಷ ತೀರಿಕೊಂಡರು.

ಈ ಭಾನುವಾರ ನಲ್ಲಿಯ ಕೆಳಗೆ ಪಾತ್ರೆ ಹಿಡಿದು ನಿಂತಿದ್ದ ಕಾಕು ನನ್ನ ಕೈಯಲ್ಲಿದ್ದ ಪಾನಾ ನೋಡಿ ಕೇಳಿದರು: "ಅದಕ್ಕೇನಂತಾರವ್ವಾ ಆ ಫಾರಿನ್ ಮಾತಿನ್ಯಾಗ?"

"ಶಾವಿ."

"ಅದು ಕೀಲಿ ಅಲ್ಲೇನು?"

"ಎರಡಕ್ಕೂ ಅದೇ ಕಾಕು. ನಾನೇ ಒಂದು ಹೊಡೆದುಹಾಕಿದ್ದೆ."

ಕಾಕು ಹಿಡಿದಿದ್ದ ಪಾತ್ರೆ ತುಂಬಿ ನೀರು ಪರ್ಸಿ ಕಲ್ಲಿನ ಮೇಲೆ ಹರಿಯತೊಡಗಿತು.

"ಅವ್ರಿಗಿ ಹೇಳಬೇಕಿತ್ತವ್ವಾ" ಎಂದರು. "ಕಡೀತನಕ ತಾವು ದಡ್ಡ ಅಂತನೇ ತಿಳ್ಕೊಂಡಿದ್ರು."

ನಾನು ನಟ್ಟು ಬಿಗಿ ಮಾಡಿದೆ. ನೀರು ನಿಂತಿತು.